‘ದುರ್ಬಲ’ ಎಂಬ ಪದದಿಂದ ಹುಟ್ಟಿದ ಮೂರು ಪೀರಿಯಡ್‌ಗಳು: ಒಂದು ಅನಿಮೆ ಕಥೆ, ಒಂದು ಲೆಕ್ಕ, ಒಂದು ತಪ್ಪು

ಪೀಠಿಕೆ

ನನ್ನ ಬೋಧನಾ ವಿಷಯ ಜೀವವಿಜ್ಞಾನ. ಶಾಲಾ ಇಂಟರ್ನ್‌ಶಿಪ್‌ನ ಐದನೆಯ ವಾರದಲ್ಲಿ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಮೆಂಡಲ್‌ನ ಬಟಾಣಿ ಗಿಡಗಳು, ಎತ್ತರ ಮತ್ತು ಗಿಡ್ಡ ಗುಣಗಳು, 3:1 ಅನುಪಾತ ಎಲ್ಲವೂ ಪಾಠ ಯೋಜನೆಯಂತೆಯೇ ಸಾಗಿದ್ದವು. ಕೊನೆಯಲ್ಲಿ ‘ಏನಾದರೂ ಸಂದೇಹ ಇದೆಯಾ?’ ಎಂದು ರೂಢಿಯ ಪ್ರಶ್ನೆ ಕೇಳಿದೆ. ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ದುರ್ಬಲ ಜೀನ್ ಇರೋರು ಮಕ್ಕಳು ಮಾಡ್ಕೋಬಾರ್ದು ಅಂತ ಗೌರ್ಮೆಂಟು ರೂಲ್ಸ್ ಮಾಡಿದ್ರೆ, ಮುಂದೆ ಎಲ್ರೂ ಸ್ಟ್ರಾಂಗ್ ಆಗೇ ಹುಟ್ತಾರಲ್ವಾ?”

ಅವನ ಪಕ್ಕದವನು ಕೂತಲ್ಲಿಂದಲೇ ಸೇರಿಸಿದ: “ಅದಕ್ಕೆ ವೋಟು ಗೀಟು ಅಂತ ಇದ್ರೆ ಆಗಲ್ಲ. ಒಬ್ಬ ಗಟ್ಟಿ ಲೀಡರ್ ಬೇಕು.”

ತರಗತಿ ನಕ್ಕಿತು. ಅದೇ ತರಗತಿಯಲ್ಲಿ ಶ್ರವಣ ಸಾಧನ ಹಾಕಿಕೊಂಡು ಬರುವ ಹುಡುಗಿಯೊಬ್ಬಳಿದ್ದಾಳೆ. ಅವಳು ನಗಲಿಲ್ಲ, ಪುಸ್ತಕ ನೋಡುತ್ತ ಕುಳಿತಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ‘ನಾಳೆ ಹೇಳ್ತೀನಿ’ ಎಂದು ಹೊರಗೆ ಬಂದೆ.

ಆ ಹುಡುಗ ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ತಪ್ಪಿನ ಮೊದಲ ಪಾಲು ನಾವು ಬಳಸುವ ಪದದ್ದು. ಒಂದು ಗುಣ ಇನ್ನೊಂದರ ಎದುರು ಹೊರಗೆ ಕಾಣಿಸದೆ ಉಳಿದರೆ ಅದನ್ನು ‘ದುರ್ಬಲ’ ಎನ್ನುತ್ತೇವೆ. ಮನೆಯಲ್ಲಿ, ಬೀದಿಯಲ್ಲಿ ‘ದುರ್ಬಲ’ ಎಂದರೆ ಕೈಲಾಗದವನು. ಪದದ ಈ ಎರಡು ಅರ್ಥಗಳ ನಡುವಿನ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಿರಲಿಲ್ಲ. ಎರಡನೆಯ ಪಾಲು ಇನ್ನೂ ದೊಡ್ಡದು: ‘ಒಳ್ಳೆಯದನ್ನು ಮಾಡಲು ಗಟ್ಟಿ ಆಳುವವನೊಬ್ಬ ಸಾಕು’ ಎಂಬ ನಂಬಿಕೆ. ಇದು ಸಮಾಜ ವಿಜ್ಞಾನದ ವಿಷಯ, ನನ್ನದಲ್ಲ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಪ್ರಶ್ನೆ ಹುಟ್ಟಿದ್ದು ನನ್ನ ಪೀರಿಯಡ್‌ನಲ್ಲಿ. ಸಮಾಜ ವಿಜ್ಞಾನದ ಶಿಕ್ಷಕರನ್ನು ಕೇಳಿ ಅವರ ಎರಡು ಪೀರಿಯಡ್ ಪಡೆದೆ. ಅವಕ್ಕೆ ನನ್ನದೊಂದನ್ನು ಸೇರಿಸಿ, ನಲವತ್ತು ನಿಮಿಷಗಳ ಮೂರು ಪೀರಿಯಡ್‌ಗಳಲ್ಲಿ ಮಾಡಿದ ಪಾಠದ ವರದಿ ಇದು. ಇದರಲ್ಲಿ ನಾನು ಎಡವಿದ್ದೂ ಇದೆ.

ಕಥೆಯ ಆಯ್ಕೆ

ಪಾಠಕ್ಕೆ ಆಧಾರವಾಗಿ ಆರಿಸಿಕೊಂಡದ್ದು ‘ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್’ ಎಂಬ ಜಪಾನಿ ಅನಿಮೆ. ಯೋಶಿಕಿ ತನಾಕಾ 1982ರಿಂದ 1987ರವರೆಗೆ ಬರೆದ ಹತ್ತು ಸಂಪುಟಗಳ ಕಾದಂಬರಿ ಇದರ ಮೂಲ. ನೊಬೊರು ಇಶಿಗುರೊ ನಿರ್ದೇಶನದಲ್ಲಿ 1988ರಿಂದ 1997ರವರೆಗೆ ಮುಖ್ಯ ಸರಣಿಯ 110 ಕಂತುಗಳು ಬಂದವು. 2018ರಲ್ಲಿ ಹೊಸ ರೂಪವೂ ಆರಂಭವಾಯಿತು.

ಬಾಹ್ಯಾಕಾಶದಲ್ಲಿ ಎರಡು ರಾಜ್ಯಗಳ ನಡುವೆ ಯುದ್ಧ ನಡೆದೇ ಇದೆ. ಒಂದು ಕಡೆ ಜರ್ಮನ್ ಹೆಸರುಗಳ, ಪ್ರಷ್ಯಾದ ದರಬಾರನ್ನು ನೆನಪಿಸುವ ಚಕ್ರಾಧಿಪತ್ಯ. ಇನ್ನೊಂದು ಕಡೆ ಅಲ್ಲಿಂದ ತಪ್ಪಿಸಿಕೊಂಡು ಬಂದವರು ಕಟ್ಟಿದ ಪ್ರಜಾಪ್ರಭುತ್ವ, ಸ್ವತಂತ್ರ ಗ್ರಹಗಳ ಒಕ್ಕೂಟ. ಸಾಧಾರಣ ಕಥೆಯಲ್ಲಿ ಚಕ್ರಾಧಿಪತ್ಯ ಕೆಟ್ಟದ್ದು, ಒಕ್ಕೂಟ ಒಳ್ಳೆಯದು ಎಂದಿರುತ್ತಿತ್ತು. ಇಲ್ಲಿ ಚಕ್ರಾಧಿಪತ್ಯದಲ್ಲಿ ರೈನ್‌ಹಾರ್ಡ್ ಎಂಬ ಪ್ರತಿಭಾವಂತ ಯುವಕ ಮೇಲೇರಿ ಸುಧಾರಣೆ ತರುತ್ತಾನೆ. ಒಕ್ಕೂಟದಲ್ಲಿ ಚುನಾಯಿತ ನಾಯಕರು ಕೊಳೆಯುತ್ತಾ ಹೋಗುತ್ತಾರೆ. ಒಕ್ಕೂಟದ ಸೇನಾನಿ ಯಾಂಗ್ ವೆನ್-ಲಿಗೆ ಸೈನಿಕನಾಗುವ ಆಸೆಯೇ ಇರಲಿಲ್ಲ, ಇತಿಹಾಸ ಓದಬೇಕೆಂದಿದ್ದವನು. ಸುಲಭದ ಉತ್ತರ ಕೊಡದ ಕಥೆ ಎಂಬ ಕಾರಣಕ್ಕೇ ಇದನ್ನು ಆರಿಸಿದೆ.

ವಿಡಿಯೊ ತೋರಿಸಲಿಲ್ಲ. ಸಮಯ ಸಾಲದು, ಹಿಂಸೆಯ ದೃಶ್ಯಗಳೂ ಇವೆ. ಎರಡು ಚಾರ್ಟ್ ಬರೆದುಕೊಂಡು ಕಥೆ ಹೇಳಿದೆ.

ಬರೆದುಕೊಂಡ ಉದ್ದೇಶಗಳು ಮೂರು. ವಿದ್ಯಾರ್ಥಿಗಳು ‘ದುರ್ಬಲ ಗುಣ’ ಎಂಬುದರ ವೈಜ್ಞಾನಿಕ ಅರ್ಥವನ್ನು ವಿವರಿಸುವರು. ‘ಕೀಳು ಜೀನ್ ತೆಗೆದುಹಾಕುವ’ ವಾದವನ್ನು ಲೆಕ್ಕದ ಮೂಲಕ ಪರೀಕ್ಷಿಸುವರು. ಎರಡು ಆಡಳಿತ ಪದ್ಧತಿಗಳನ್ನು ಕಾರಣಸಹಿತ ಹೋಲಿಸುವರು. ಮೂರನೆಯದನ್ನು ಬರೆಯುವಾಗ ಹೋಲಿಕೆಯ ಫಲಿತಾಂಶ ಏನಿರಬೇಕೆಂದು ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಎಡವಿದ್ದು ಅಲ್ಲೇ.

ಮೊದಲ ಪೀರಿಯಡ್: ರುಡಾಲ್ಫ್‌ನ ಕಾನೂನು

ರೈನ್‌ಹಾರ್ಡ್‌ಗಿಂತ ಸುಮಾರು ಐದು ಶತಮಾನ ಹಿಂದಿನ ಕಥೆಯಿಂದ ಆರಂಭಿಸಿದೆ. ಆಗ ಮನುಷ್ಯರೆಲ್ಲ ಒಂದೇ ಗಣರಾಜ್ಯದಲ್ಲಿದ್ದರು. ಜನ ರಾಜಕೀಯದಿಂದ ಬೇಸತ್ತಿದ್ದರು. ಬಾಹ್ಯಾಕಾಶದ ಕಡಲ್ಗಳ್ಳರನ್ನು ಸದೆಬಡಿದು ಹೆಸರು ಮಾಡಿದ ರುಡಾಲ್ಫ್ ಫಾನ್ ಗೋಲ್ಡನ್‌ಬಾಮ್ ಎಂಬ ಸೇನಾಧಿಕಾರಿ ಚುನಾವಣೆಗೆ ನಿಂತು ಗೆದ್ದ. ಪ್ರಧಾನಿ ಹುದ್ದೆಯನ್ನೂ ಅಧ್ಯಕ್ಷ ಹುದ್ದೆಯನ್ನೂ ಒಟ್ಟಿಗೆ ಹಿಡಿದ. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಚಕ್ರವರ್ತಿಯಾದ. ಪಟ್ಟಕ್ಕೆ ಬಂದ ಒಂಬತ್ತನೆಯ ವರ್ಷ ‘ಕೀಳು ವಂಶವಾಹಿ ನಿರ್ಮೂಲನ’ದ ಕಾನೂನು ತಂದ. ಅಂಗವಿಕಲರು, ಬಡವರು, ಅವನ ಕಣ್ಣಿಗೆ ‘ಕೀಳು’ ಎಂದು ಕಂಡವರಿಗೆ ಮಕ್ಕಳಾಗದಂತೆ ಮಾಡುವುದು ಅದರ ಗುರಿ.

“ನಿನ್ನೆ ನೀವು ಕೇಳಿದ ರೂಲ್ಸ್ ಇದೇ. ಇದು ಕೆಲಸ ಮಾಡುತ್ತಾ? ಲೆಕ್ಕ ಹಾಕೋಣ” ಎಂದೆ.

ಕಪ್ಪುಹಲಗೆಯ ಮೇಲೆ ಅವರಿಗೆ ಚೆನ್ನಾಗಿ ಗೊತ್ತಿರುವ ಸೂತ್ರ ಬರೆದೆ: (ಎ+ಬಿ)² = ಎ² + 2ಎಬಿ + ಬಿ². ಒಂದು ದುರ್ಬಲ ಗುಣ 10,000 ಜನರಲ್ಲಿ ಒಬ್ಬರಲ್ಲಿ ಮಾತ್ರ ಹೊರಗೆ ಕಾಣುತ್ತದೆ ಎಂದುಕೊಳ್ಳೋಣ. ಗುಣ ಕಾಣಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರಬೇಕು. ಆದ್ದರಿಂದ ಬಿ² ಎಂದರೆ 1/10,000. ಬಿ ಎಂದರೆ 1/100. ಎ ಎಂದರೆ 99/100. ಮದುವೆಗಳು ಈ ಗುಣವನ್ನು ನೋಡದೆ ನಡೆಯುತ್ತವೆ ಎಂದಿಟ್ಟುಕೊಂಡರೆ, ಒಂದೇ ಪ್ರತಿಯನ್ನು ಹೊತ್ತು ಆರೋಗ್ಯವಾಗಿಯೇ ಇರುವವರು 2ಎಬಿ, ಅಂದರೆ 198/10,000.

ಒಬ್ಬರಲ್ಲಿ ಕಾಣುತ್ತದೆ, 198 ಜನರಲ್ಲಿ ಅಡಗಿ ಕುಳಿತಿದೆ. ರುಡಾಲ್ಫ್‌ನ ಕಾನೂನು ಹಿಡಿಯುವುದು ಆ ಒಬ್ಬರನ್ನು. ಹಾಗೆ ಪ್ರತಿ ತಲೆಮಾರಿನಲ್ಲೂ ಒಬ್ಬರನ್ನೂ ಬಿಡದೆ ತಡೆದರೂ ಆ ಜೀನ್‌ನ ಪ್ರಮಾಣ 1/100ರಿಂದ 1/200ಕ್ಕೆ ಇಳಿಯಲು 100 ತಲೆಮಾರು ಬೇಕು. ತಲೆಮಾರಿಗೆ 25 ವರ್ಷ ಹಿಡಿದರೆ 2,500 ವರ್ಷ.

ತರಗತಿ ಸುಮ್ಮನಾಯಿತು. “ಹಾಗಾದ್ರೆ ನಮ್ಮಲ್ಲೂ ಇರಬಹುದಾ ಮಿಸ್?” ಎಂದು ಒಬ್ಬಳು ಕೇಳಿದಳು. ಇರಬಹುದು, ನನ್ನಲ್ಲೂ ಇರಬಹುದು ಎಂದೆ. ಕುಡಗೋಲು ಕಣ ರಕ್ತಹೀನತೆಯ ಉದಾಹರಣೆ ಕೊಟ್ಟೆ: ಎರಡು ಪ್ರತಿ ಬಂದರೆ ಕಾಯಿಲೆ, ಒಂದೇ ಪ್ರತಿ ಇದ್ದರೆ ತೀವ್ರ ಮಲೇರಿಯಾದಿಂದ ರಕ್ಷಣೆ. ಅದನ್ನು ಕೀಳು ಎನ್ನುವುದೋ ಮೇಲು ಎನ್ನುವುದೋ? ಬುದ್ಧಿ, ಶ್ರಮ, ಒಳ್ಳೆಯತನ ಇವು ಬಟಾಣಿಯ ಎತ್ತರದ ಹಾಗೆ ಒಂದು ಜೀನ್‌ನ ಮಾತಲ್ಲ. ಊಟ, ಓದು, ಮನೆ ಎಲ್ಲವೂ ಸೇರುತ್ತವೆ.

ಕೊನೆಗೆ ಕೇಳಿದೆ: “ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ತಪ್ಪು ಗೊತ್ತಾಯ್ತು. ರುಡಾಲ್ಫ್‌ಗೆ ಯಾರೂ ಯಾಕೆ ಹೇಳಲಿಲ್ಲ?” ಕಥೆಯಲ್ಲಿ ಹೇಳಿದವರಿದ್ದರು. ಆಗಿನ್ನೂ ಹೆಸರಿಗೆ ಸಂಸತ್ತು ಉಳಿದಿತ್ತು, ಅಲ್ಲಿ ಟೀಕೆ ಎದ್ದಿತು. ರುಡಾಲ್ಫ್ ಸಂಸತ್ತನ್ನೇ ಶಾಶ್ವತವಾಗಿ ಮುಚ್ಚಿದ. ಬಹುಕಾಲದ ಮೇಲೆ ವಿವೇಕಿಯಾದ ಚಕ್ರವರ್ತಿಯೊಬ್ಬ ಪಟ್ಟಕ್ಕೆ ಬಂದಾಗಲೇ ಆ ಕಾನೂನು ಹೆಸರಿಗಷ್ಟೇ ಉಳಿಯಿತು. ಅಂಥವನೊಬ್ಬ ಹುಟ್ಟುವವರೆಗೆ ಜನ ಕಾಯಬೇಕಾಯಿತು.

ಇದು ಬರೀ ಕಟ್ಟುಕಥೆಯಲ್ಲ ಎಂದು ತೋರಿಸಲು ಚಾರ್ಟಿನ ಕೆಳಗೆ ಜರ್ಮನಿಯ ನಾಲ್ಕು ದಿನಾಂಕ ಬರೆದಿದ್ದೆ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಮಾರ್ಚ್ 23ರಂದು ಸಂಸತ್ತೇ ಅವನ ಸರ್ಕಾರಕ್ಕೆ ಕಾನೂನು ಮಾಡುವ ಅಧಿಕಾರ ಒಪ್ಪಿಸಿತು. ಜುಲೈ 14ರಂದು ಆನುವಂಶಿಕ ಕಾಯಿಲೆ ಇದೆ ಎನ್ನಲಾದವರಿಗೆ ಬಲವಂತದ ಸಂತಾನಹರಣ ಮಾಡುವ ಕಾನೂನು ಬಂತು. 1934ರ ಆಗಸ್ಟ್‌ನಲ್ಲಿ ಅಧ್ಯಕ್ಷ, ಚಾನ್ಸಲರ್ ಎರಡೂ ಅಧಿಕಾರ ಅವನೊಬ್ಬನ ಕೈ ಸೇರಿದವು. ರುಡಾಲ್ಫ್‌ನ ಕಥೆಯ ಪಕ್ಕದಲ್ಲಿ ಇದನ್ನಿಟ್ಟಾಗ ವಿವರಣೆ ಹೆಚ್ಚು ಬೇಕಾಗಲಿಲ್ಲ.

ಎರಡನೆಯ ಪೀರಿಯಡ್: ನಾನು ಎಡವಿದ್ದು

ಮರುದಿನ ರೈನ್‌ಹಾರ್ಡ್‌ನ ಕಥೆ. ಬಡ ಕುಲೀನನ ಮಗ. ಹತ್ತು ವರ್ಷದವನಿದ್ದಾಗ ಅಕ್ಕನನ್ನು ಮುದಿ ಚಕ್ರವರ್ತಿಯ ಅರಮನೆಗೆ ಎಳೆದೊಯ್ಯುತ್ತಾರೆ. ಆ ವಂಶವನ್ನೇ ಉರುಳಿಸುವ ಹಟ ತೊಟ್ಟು ಸೈನ್ಯ ಸೇರುತ್ತಾನೆ. ಅಧಿಕಾರ ಸಿಕ್ಕಾಗ ಕುಲೀನರ ಸವಲತ್ತು ಕಿತ್ತುಹಾಕಿ ಅವರಿಂದ ತೆರಿಗೆ ವಸೂಲಿ ಮಾಡುತ್ತಾನೆ, ಸಾಮಾನ್ಯರಿಗೂ ನ್ಯಾಯ ಸಿಗುವಂತೆ ಮಾಡುತ್ತಾನೆ. ಹುಟ್ಟು ನೋಡದೆ ಯೋಗ್ಯತೆ ನೋಡಿ ಹುದ್ದೆ ಕೊಡುತ್ತಾನೆ. ಇಪ್ಪತ್ತಮೂರಕ್ಕೇ ಚಕ್ರವರ್ತಿಯಾಗುತ್ತಾನೆ.

ಇನ್ನೊಂದು ಕಡೆ ಒಕ್ಕೂಟ. ಯಾಂಗ್ ತನ್ನ ಸೈನಿಕರಲ್ಲಿ ಒಬ್ಬನನ್ನೂ ಕಳೆದುಕೊಳ್ಳದೆ ಇಸರ್ಲೋನ್ ಕೋಟೆಯನ್ನು ಗೆದ್ದುಕೊಡುತ್ತಾನೆ. ಇನ್ನು ಶಾಂತಿಯ ಮಾತುಕತೆ ಆಗಬಹುದು ಎಂಬುದು ಅವನ ಆಸೆ. ಆದರೆ ಚುನಾವಣೆ ಹತ್ತಿರ ಬಂದಿದೆ, ಸರ್ಕಾರದ ಜನಪ್ರಿಯತೆ ಕುಸಿದಿದೆ. ಒಂದು ಗೆಲುವು ಸಿಕ್ಕರೆ ಮತ ಹೆಚ್ಚುತ್ತದೆ ಎಂಬ ಲೆಕ್ಕ ಮಂತ್ರಿಗಳ ಮುಂದೆ ಬರುತ್ತದೆ. ಆರು ಮಂದಿ ಪರ, ಮೂವರು ವಿರುದ್ಧ ಮತ ಹಾಕಿ ಶತ್ರುದೇಶದ ಮೇಲೆ ದಂಡಯಾತ್ರೆಗೆ ಒಪ್ಪಿಗೆ ಕೊಡುತ್ತಾರೆ. ಮೂರು ಕೋಟಿ ಸೈನಿಕರು ಹೋಗುತ್ತಾರೆ, ಎರಡು ಕೋಟಿ ಮಂದಿ ಹಿಂದಿರುಗುವುದಿಲ್ಲ.

“ನಿಮಗೆ ಯಾವ ರಾಜ್ಯದಲ್ಲಿ ಬದುಕಲು ಇಷ್ಟ?” ಎಂದು ಕೈ ಎತ್ತಿಸಿದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಕೈಗಳು ರೈನ್‌ಹಾರ್ಡ್ ಪರ ಎದ್ದವು.

ಹೆದರಿದೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಿ ಮೇಡಂ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ಪ್ರಜಾಪ್ರಭುತ್ವದ ಪಾಠ ಮಾಡಿ ಮಕ್ಕಳಿಂದ ಚಕ್ರವರ್ತಿಗೆ ಮತ ಹಾಕಿಸಿದಂತಾಗಿತ್ತು. ಎಂಟು ನಿಮಿಷ ಉಳಿದಿತ್ತು. “ಇಲ್ಲ, ಇದು ತಪ್ಪು. ಪ್ರಜಾಪ್ರಭುತ್ವವೇ ಶ್ರೇಷ್ಠ. ಬರೆದುಕೊಳ್ಳಿ” ಎಂದು ಐದು ಅಂಶಗಳನ್ನು ಹೇಳಿ ಬರೆಸಿದೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಪ್ರಶ್ನೆ ಕೇಳಿದ್ದ ಹುಡುಗ ಏನೋ ಹೇಳಲು ಕೈ ಎತ್ತಿದ್ದ. “ಆಮೇಲೆ” ಎಂದೆ.

ಮೇಡಂ ವೀಕ್ಷಣಾ ಪುಸ್ತಕದಲ್ಲಿ ಬರೆದಿದ್ದರು: ‘ಕಥನ ಚೆನ್ನಾಗಿತ್ತು. ಕೊನೆಯ ಎಂಟು ನಿಮಿಷ ತರಗತಿಗೆ ನೀವೇ ಚಕ್ರವರ್ತಿ. ಸಂಸತ್ತು ಮುಚ್ಚಿದ್ದನ್ನು ಗಮನಿಸಿದಿರಾ?’

ಆ ರಾತ್ರಿ ಹಾಸ್ಟೆಲ್‌ನಲ್ಲಿ ಆ ಮೂರು ಸಾಲನ್ನು ಮತ್ತೆ ಮತ್ತೆ ಓದಿದೆ. ಮೊದಲ ದಿನ ನಾನು ‘ನಂಬಿ’ ಎಂದಿರಲಿಲ್ಲ. ‘ಲೆಕ್ಕ ಹಾಕೋಣ’ ಎಂದಿದ್ದೆ. ಎರಡನೆಯ ದಿನ ಲೆಕ್ಕ ಹಾಕದೆ ಉತ್ತರ ಬರೆಸಿದೆ. ನನ್ನ ಪ್ರಶ್ನೆಯಲ್ಲೂ ದೋಷವಿತ್ತು. ಒಬ್ಬ ಒಳ್ಳೆಯ ಅರಸನನ್ನೂ ಒಂದು ಕೆಟ್ಟ ಸರ್ಕಾರವನ್ನೂ ಪಕ್ಕಪಕ್ಕ ಇಟ್ಟು ಆರಿಸಿ ಎಂದರೆ ಮಕ್ಕಳು ಒಳ್ಳೆಯವನನ್ನು ಆರಿಸುವುದು ಸಹಜ. ವಿಜ್ಞಾನದಲ್ಲಿ ಒಂದೇ ಮಾದರಿ ನೋಡಿ ನಿಯಮ ಹೇಳುವುದಿಲ್ಲ. ರೈನ್‌ಹಾರ್ಡ್ ಒಂದು ಮಾದರಿ. ಅದೇ ಪೀಠದ ಇನ್ನೊಂದು ಮಾದರಿ ರುಡಾಲ್ಫ್. ‘ಯಾರು ಒಳ್ಳೆಯವರು’ ಎಂಬುದಕ್ಕಿಂತ ‘ತಪ್ಪಾದಾಗ ಏನಾಗುತ್ತದೆ’ ಎಂಬುದನ್ನು ಕೇಳಬೇಕಿತ್ತು.

ಮೂರನೆಯ ಪೀರಿಯಡ್: ಮೂರು ಪ್ರಶ್ನೆಗಳು

ತರಗತಿಗೆ ಹೋದವಳೇ ನಿನ್ನೆ ಬರೆಸಿದ್ದನ್ನು ಹೊಡೆದುಹಾಕಿ ಎಂದೆ. “ನಾನು ಅವಸರ ಮಾಡಿದೆ. ನಿಮ್ಮ ಕೈಗಳು ಎತ್ತಿದ ಹಾಗೇ ಇರಲಿ. ಇವತ್ತು ಲೆಕ್ಕ ಹಾಕೋಣ.” ನಿನ್ನೆ ಕೈ ಎತ್ತಿದ್ದ ಹುಡುಗನಿಗೆ ಮೊದಲು ಮಾತು ಕೊಟ್ಟೆ. ಅವನೆಂದ: “ಪ್ರಜಾಪ್ರಭುತ್ವ ಅಂತ ಹೆಸರಿದ್ರೆ ಸಾಕಾ ಮಿಸ್? ಎರಡು ಕೋಟಿ ಜನ ಸತ್ರಲ್ಲ?” ಇದಕ್ಕೆ ನಿನ್ನೆಯ ಐದು ಅಂಶಗಳಲ್ಲಿ ಉತ್ತರವಿರಲಿಲ್ಲ ಎಂದು ಒಪ್ಪಿಕೊಂಡೆ.

ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ. ತಪ್ಪಾಗಿದೆ ಎಂದು ಯಾರು ಹೇಳಬಹುದು? ಹೇಳಿದವರಿಗೆ ಏನಾಗುತ್ತದೆ? ತಪ್ಪು ಮಾಡಿದವರನ್ನು ಬದಲಾಯಿಸುವ ದಾರಿ ಯಾವುದು? ತರಗತಿಯನ್ನು ಆರು ಗುಂಪು ಮಾಡಿ, ಮೂರು ಗುಂಪಿಗೆ ಒಂದು ಘಟನೆ, ಉಳಿದ ಮೂರಕ್ಕೆ ಇನ್ನೊಂದು ಘಟನೆ ಕೊಟ್ಟೆ.

ಮೊದಲನೆಯದು ವೆಸ್ಟರ್‌ಲ್ಯಾಂಡ್. ಅಂತರ್ಯುದ್ಧದಲ್ಲಿ ರೈನ್‌ಹಾರ್ಡ್‌ನ ಶತ್ರುವಾದ ಕುಲೀನನೊಬ್ಬ ಆ ಗ್ರಹದ ಇಪ್ಪತ್ತು ಲಕ್ಷ ಜನರ ಮೇಲೆ ಅಣುಬಾಂಬ್ ಹಾಕಿಸುತ್ತಾನೆ. ರೈನ್‌ಹಾರ್ಡ್‌ನ ಪಾಳೆಯಕ್ಕೆ ಸುದ್ದಿ ಮೊದಲೇ ತಿಳಿದಿತ್ತು. ತಡೆಯದೆ ಬಿಟ್ಟು, ಚಿತ್ರೀಕರಿಸಿ, ಶತ್ರುವಿನ ವಿರುದ್ಧ ಪ್ರಚಾರಕ್ಕೆ ಬಳಸಿದರು. ಪ್ರಾಣಸ್ನೇಹಿತ ಮಾತ್ರ ಎದುರು ನಿಂತು ಪ್ರಶ್ನಿಸಿದ. ಆ ಸ್ನೇಹ ಮುರಿಯಿತು. ವರ್ಷಗಳ ನಂತರ, ಅಲ್ಲಿ ಹೆಂಡತಿ ಮಗುವನ್ನು ಕಳೆದುಕೊಂಡವನೊಬ್ಬ ಚಕ್ರವರ್ತಿಯನ್ನು ಕೊಲ್ಲಲು ಬಂದು ಸಿಕ್ಕಿಬೀಳುತ್ತಾನೆ. ಅವನ ಪ್ರಶ್ನೆಯ ಮುಂದೆ ರೈನ್‌ಹಾರ್ಡ್ ತಲೆ ಎತ್ತಲಾರ.

ಎರಡನೆಯದು ಜೆಸ್ಸಿಕಾ ಎಡ್ವರ್ಡ್ಸ್. ಮದುವೆಯಾಗಬೇಕಿದ್ದವನು ಅಸ್ಟಾರ್ಟೆ ಯುದ್ಧದಲ್ಲಿ ಸತ್ತ. ಸ್ಮರಣ ಸಭೆಯಲ್ಲಿ ರಕ್ಷಣಾ ಮಂತ್ರಿ ಟ್ರೂನಿಕ್ಟ್ ದೇಶಕ್ಕಾಗಿ ಪ್ರಾಣ ಕೊಡುವುದರ ಬಗ್ಗೆ ಭಾಷಣ ಮಾಡುವಾಗ ಅವಳು ಎದ್ದು, ಯುದ್ಧವನ್ನು ಹೊಗಳುವ ನೀವು ಎಲ್ಲಿದ್ದೀರಿ ಎಂದು ಕೇಳುತ್ತಾಳೆ. ಅವಳನ್ನು ಹೊರಗೆ ಕಳಿಸುತ್ತಾರೆ. ಪುಂಡರು ಬೆನ್ನು ಹತ್ತುತ್ತಾರೆ. ಆದರೂ ಮುಂದೆ ಅವಳು ಚುನಾವಣೆಯಲ್ಲಿ ಗೆದ್ದು ಜನಪ್ರತಿನಿಧಿಯಾಗುತ್ತಾಳೆ. ಸೇನೆಯ ಒಂದು ಗುಂಪು ಸರ್ಕಾರವನ್ನು ಕಿತ್ತೊಗೆದಾಗ, ಕ್ರೀಡಾಂಗಣದಲ್ಲಿ ಸೇರಿದ ಜನರ ಪರ ಮಾತಾಡಿದ್ದಕ್ಕೆ ಸೈನಿಕರ ಕೈಯಲ್ಲಿ ಸಾಯುತ್ತಾಳೆ.

ಗುಂಪುಗಳು ಹನ್ನೆರಡು ನಿಮಿಷ ಚರ್ಚಿಸಿ ವರದಿ ಒಪ್ಪಿಸಿದವು. ಶ್ರವಣ ಸಾಧನದ ಹುಡುಗಿ ತನ್ನ ಗುಂಪಿನ ಪರವಾಗಿ ಎದ್ದು ನಿಂತು ಹೇಳಿದ ಮಾತನ್ನು ಅಲ್ಲೇ ಬರೆದಿಟ್ಟುಕೊಂಡೆ: “ಇಬ್ರೂ ಕೇಳಿದ್ದು ಒಂದೇ ಪ್ರಶ್ನೆ ಮಿಸ್. ಜೆಸ್ಸಿಕಾಗೆ ಸಭೆಯಲ್ಲಿ ಕೇಳೋಕಾಯ್ತು, ಎಲೆಕ್ಷನ್‌ಗೆ ನಿಲ್ಲೋಕಾಯ್ತು. ಅವನಿಗೆ ಕೊಲ್ಲೋಕೆ ಹೋಗೋದು ಬಿಟ್ಟು ಬೇರೆ ದಾರೀನೇ ಇರ್ಲಿಲ್ಲ.”

ಎದುರು ಗುಂಪು ಸುಮ್ಮನಿರಲಿಲ್ಲ. ದಂಡಯಾತ್ರೆ ಸೋತ ಮೇಲೆ ಸರ್ಕಾರ ರಾಜೀನಾಮೆ ಕೊಟ್ಟಿತಲ್ಲವೇ, ಆಮೇಲೆ ಬಂದವರಾದರೂ ಒಳ್ಳೆಯವರೇ ಎಂದು ಕೇಳಿತು. ನಿಜ ಹೇಳಲೇಬೇಕಾಯಿತು. ದಂಡಯಾತ್ರೆಗೆ ವಿರುದ್ಧ ಮತ ಹಾಕಿದ್ದ ಮೂವರಲ್ಲಿ ಟ್ರೂನಿಕ್ಟ್ ಕೂಡ ಒಬ್ಬ. ಆ ಹೆಸರಿನ ಬಲದಿಂದ ಅವನೇ ಮೇಲೇರಿದ. ಬದಲಾಯಿಸುವ ದಾರಿ ಇದ್ದ ಮಾತ್ರಕ್ಕೆ ಸರಿಯಾದವರು ಬರುತ್ತಾರೆ ಎಂದಿಲ್ಲ.

ಇನ್ನೂ ಒಂದು ವಿಷಯವನ್ನು ನಾನೇ ಮುಂದಿಟ್ಟೆ. ಬಲವಂತದ ಸಂತಾನಹರಣದ ಕಾನೂನು ಮಾಡಿದ್ದು ಸರ್ವಾಧಿಕಾರಿಗಳಷ್ಟೇ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲೇ ಅಂಥ ಕಾನೂನು ಮಾಡಿತು. 1927ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ವರ್ಜೀನಿಯಾದ ಅಂಥದೇ ಕಾನೂನನ್ನು ಎತ್ತಿಹಿಡಿಯಿತು. ಪ್ರಜಾಪ್ರಭುತ್ವವೂ ಇದೇ ತಪ್ಪನ್ನು ಮಾಡಿದೆ, ತಿದ್ದಿಕೊಳ್ಳಲು ದಶಕಗಳು ಹಿಡಿದಿವೆ. ಆದರೆ ತಪ್ಪು ಎಂದು ಬರೆಯುವವರಿಗೆ, ವಾದಿಸುವವರಿಗೆ, ಕಾನೂನು ರದ್ದುಮಾಡುವವರಿಗೆ ಅಲ್ಲಿ ಜಾಗ ಇತ್ತು. ಆ ಜಾಗವನ್ನು ಉಳಿಸಿಕೊಳ್ಳುವುದೇ ಕೆಲಸ.

ನಮ್ಮ ದೇಶದ ಒಂದು ದಿನಾಂಕವನ್ನೂ ಸೇರಿಸಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ ಅಂಬೇಡ್ಕರ್ ಅವರು, ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರದ ದಾರಿ ಎಂಬರ್ಥದ ಎಚ್ಚರಿಕೆ ಕೊಟ್ಟಿದ್ದರು. ರುಡಾಲ್ಫ್‌ಗೆ ಚಪ್ಪಾಳೆ ತಟ್ಟಿದವರ ಚಾರ್ಟ್ ಇನ್ನೂ ಗೋಡೆಯ ಮೇಲಿತ್ತು. ಮಕ್ಕಳೇ ಅದರತ್ತ ತಿರುಗಿ ನೋಡಿದರು.

ಮೌಲ್ಯಮಾಪನ

ಕೊನೆಗೆ ಮತ್ತೆ ಕೈ ಎತ್ತಿಸಿದೆ. ಕೆಲವರು ಬದಲಾಗಿದ್ದರು; ಹೆಚ್ಚಿನವರು ಇನ್ನೂ ರೈನ್‌ಹಾರ್ಡ್ ಪರವೇ ಇದ್ದರು. ಈ ಸಲ ಹೆದರಲಿಲ್ಲ. ‘ನೀವು ಆರಿಸಿದ ರಾಜ್ಯದಲ್ಲಿ ಹಲಗೆಯ ಮೂರು ಪ್ರಶ್ನೆಗಳಿಗೆ ಉತ್ತರವೇನು? ಒಂದು ಪುಟ ಬರೆಯಿರಿ’ ಎಂದು ಮನೆಗೆಲಸ ಕೊಟ್ಟೆ. ಆಯ್ಕೆಗೆ ಅಂಕವಿಲ್ಲ, ಕಾರಣಗಳಿಗೆ ಮಾತ್ರ ಎಂದು ಮೊದಲೇ ಹೇಳಿದ್ದೆ.

ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗ ಬರೆದದ್ದರ ಸಾರ ಹೀಗಿತ್ತು: ತನಗೆ ಈಗಲೂ ರೈನ್‌ಹಾರ್ಡ್ ಇಷ್ಟ. ಆದರೆ ಅವನ ರಾಜ್ಯದಲ್ಲಿ ಜೆಸ್ಸಿಕಾ ನಿಂತು ಪ್ರಶ್ನೆ ಕೇಳುವ ಒಂದು ಸಭೆ ಇರಬೇಕು, ಅದನ್ನು ರಾಜನೂ ಮುಚ್ಚಬಾರದು ಎಂದು ಮೊದಲೇ ಬರೆದಿಡಬೇಕು. ಏಕೆಂದರೆ ರೈನ್‌ಹಾರ್ಡ್ ಆದ ಮೇಲೆ ಯಾರು ಬರುತ್ತಾರೋ ಗೊತ್ತಿಲ್ಲ.

ಕಥೆಯ ಕೊನೆಯನ್ನು ನಾನು ತರಗತಿಯಲ್ಲಿ ಹೇಳಿರಲಿಲ್ಲ. ರೈನ್‌ಹಾರ್ಡ್ ಇಪ್ಪತ್ತೈದನೆಯ ವಯಸ್ಸಿಗೆ ಕಾಯಿಲೆಯಿಂದ ಸಾಯುತ್ತಾನೆ, ವಾರಸುದಾರ ಹಸುಗೂಸು. ಸಾಯುವ ಮುನ್ನ ಅವನನ್ನು ಕಂಡ ಯಾಂಗ್‌ನ ಸಾಕುಮಗ ಯೂಲಿಯನ್, ಚಕ್ರಾಧಿಪತ್ಯಕ್ಕೆ ಸಂವಿಧಾನವನ್ನೂ ಸಂಸತ್ತನ್ನೂ ಕೊಡಿ ಎಂದೇ ಕೇಳಿಕೊಳ್ಳುತ್ತಾನೆ. ಹುಡುಗ ತನ್ನ ದಾರಿಯಲ್ಲೇ ಅಲ್ಲಿಗೆ ಮುಟ್ಟಿದ್ದ. ಬರೆಸಿದ ಐದು ಅಂಶಗಳಿಂದ ಅವನು ಅಲ್ಲಿಗೆ ಬರುತ್ತಿರಲಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ

ಅನುವಂಶೀಯತೆ ಪಾಠ ಮಾಡುವವರು ‘ದುರ್ಬಲ’ ಎಂಬ ಪದ ಬಂದ ದಿನವೇ ಎರಡು ನಿಮಿಷ ತೆಗೆದು, ‘ಇದು ಬಲದ ಮಾತಲ್ಲ, ಕಾಣಿಸುವುದರ ಮಾತು’ ಎಂದು ಹೇಳಿಬಿಡಿ. 1 ಮತ್ತು 198ರ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ವರ್ಗದ ಸೂತ್ರ ಗೊತ್ತಿದ್ದರೆ ಸಾಕು. ಹೋಲಿಕೆಯ ಪಾಠದಲ್ಲಿ ಒಳ್ಳೆಯ ಮಾದರಿಯನ್ನು ಕೆಟ್ಟ ಮಾದರಿಯ ಎದುರು ಇಡಬೇಡಿ. ಎರಡರ ತಪ್ಪುಗಳನ್ನು ಎದುರುಬದುರು ಇಡಿ.

ಕಥೆಯಲ್ಲಿ ಯಾಂಗ್‌ಗೆ ಒಂದು ಕ್ಷಣ ಬರುತ್ತದೆ. ವರ್ಮಿಲಿಯನ್ ಯುದ್ಧದಲ್ಲಿ ರೈನ್‌ಹಾರ್ಡ್‌ನ ಹಡಗು ಅವನ ಗುರಿಯಲ್ಲಿದೆ. ಅಷ್ಟರಲ್ಲಿ ರಾಜಧಾನಿಯಲ್ಲಿ ಶರಣಾದ ತನ್ನ ಸರ್ಕಾರದಿಂದ ಕದನ ನಿಲ್ಲಿಸುವ ಆಜ್ಞೆ ಬರುತ್ತದೆ. ಆ ಸರ್ಕಾರದ ಮೇಲೆ ಅವನಿಗೆ ಕಿಂಚಿತ್ತೂ ಗೌರವವಿಲ್ಲ. ಆದರೂ ನಿಲ್ಲಿಸುತ್ತಾನೆ, ಬಂದೂಕು ಕೈಯಲ್ಲಿದೆ ಎಂಬ ಕಾರಣಕ್ಕೆ ಸೈನಿಕ ತೀರ್ಮಾನ ಮಾಡಬಾರದು ಎಂದು. ಅವನು ಮಾಡಿದ್ದು ಸರಿಯೇ ಎಂದು ಈಗಲೂ ನನ್ನಲ್ಲೇ ವಾದ ನಡೆಯುತ್ತದೆ. ತರಗತಿಯಲ್ಲಿ ಸೀಮೆಸುಣ್ಣವೂ ಅಂಕದ ಪುಸ್ತಕವೂ ನಮ್ಮ ಕೈಯಲ್ಲಿರುತ್ತವೆ. ಎರಡನೆಯ ಪೀರಿಯಡ್‌ನಲ್ಲಿ ನಾನು ಅವನ್ನು ಬಳಸಿ ಗೆದ್ದೆ. ಆ ಎಂಟು ನಿಮಿಷಗಳಲ್ಲಿ ಯಾರೂ ಏನೂ ಕಲಿಯಲಿಲ್ಲ. ಕಲಿತದ್ದು, ಅದನ್ನು ಹೊಡೆದುಹಾಕಿ ಎಂದ ಮೇಲೆ.